ಬಾಯ್ತುಂಬ ಹಲ್ಲಿಗೆ ಎಷ್ಟಾಗುತ್ತದೆ?

ಹಲ್ಲೆಲ್ಲ ಉದುರಿದ ತಂದೆಗೋ ತಾಯಿಗೋ ‘ಫಿಕ್ಸ್ ಹಲ್ಲು’ ಕಟ್ಟಿಸೋಣ ಎಂದು ಹೊರಟ ಮಕ್ಕಳು ಮೊದಲ ವಾರದಲ್ಲೇ ಗೊಂದಲಕ್ಕೆ ಬೀಳುತ್ತಾರೆ. ಒಂದು ಕ್ಲಿನಿಕ್‌ನವರು ಮೇಲಿನ ಕೆಳಗಿನ ದವಡೆ ಸೇರಿ ಎರಡೂವರೆ ಲಕ್ಷ ಎನ್ನುತ್ತಾರೆ. ಅದೇ ಬಡಾವಣೆಯ ಇನ್ನೊಬ್ಬರು ಆರು ಲಕ್ಷ ಎನ್ನುತ್ತಾರೆ. ಮೂರನೆಯವರು ಹತ್ತು ಲಕ್ಷದ ಅಂದಾಜು ಪಟ್ಟಿ ಬರೆದು ಕೈಗಿಡುತ್ತಾರೆ. ಬಾಯಿ ಒಂದೇ, ದವಡೆ ಒಂದೇ, ಬೆಲೆ ಮಾತ್ರ ನಾಲ್ಕು ಪಟ್ಟು ಹೆಚ್ಚು ಕಡಿಮೆ. ಯಾರೋ ಮೋಸ ಮಾಡುತ್ತಿದ್ದಾರೆ ಎಂದು ಅನುಮಾನ ಬರುವುದು ಸಹಜ. ಅಲ್ಲಲ್ಲಿ ಮೋಸವೂ ಇದ್ದೀತು. ಆದರೆ ಬಹಳಷ್ಟು ಸಲ ಈ ಮೂವರೂ ಬೇರೆ ಬೇರೆ ಚಿಕಿತ್ಸೆಗೆ ಒಂದೇ ಹೆಸರಿಟ್ಟು ಬೆಲೆ ಹೇಳುತ್ತಿರುತ್ತಾರೆ. ಹೊರಗಿನವರಾದ ನಮಗೆ ಅದು ಕಾಣುವುದಿಲ್ಲ.

ಬೋರ್‌ವೆಲ್ ಕೊರೆಸಿದವರಿಗೆ ಈ ಪಾಡು ಚೆನ್ನಾಗಿ ಗೊತ್ತು. ಲಾರಿಯವನು ಅಡಿಗಿಷ್ಟು ಎಂದು ಹೇಳಿದ ದರ ಒಂದು. ಕೇಸಿಂಗ್ ಪೈಪು, ಮೋಟಾರು, ಕೇಬಲ್ಲು, ಪ್ಯಾನೆಲ್ ಬೋರ್ಡು ಎಲ್ಲ ಸೇರಿ ನೀರು ತೊಟ್ಟಿಗೆ ಬೀಳುವ ಹೊತ್ತಿಗೆ ಆದ ಖರ್ಚೇ ಇನ್ನೊಂದು. ಇಂಪ್ಲಾಂಟ್ ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಕೊರೆಯುವ ದರ ಮಾತ್ರ. ಊಟದ ತಟ್ಟೆಯ ಮುಂದೆ ಕುಳಿತು ಜೋಳದ ರೊಟ್ಟಿ ಅಗಿಯುವವರೆಗಿನ ಒಟ್ಟು ಖರ್ಚು ಎಷ್ಟು, ಆಮೇಲಿನ ಹದಿನೈದು ಇಪ್ಪತ್ತು ವರ್ಷ ಅದನ್ನು ನಡೆಸಿಕೊಂಡು ಹೋಗಲು ಎಷ್ಟು, ಈ ಎರಡನ್ನೂ ಕೂಡಿಸಿದ ಮೇಲೆಯೇ ಬೆಲೆ ಎಂಬ ಮಾತಿಗೆ ಅರ್ಥ.

ಇಂಪ್ಲಾಂಟ್ ಎಂದರೆ ಹಲ್ಲಲ್ಲ, ಬೇರು. ಟೈಟಾನಿಯಮ್ಮಿನ ಒಂದು ಸಣ್ಣ ಸ್ಕ್ರೂ. ಉದ್ದ ಸುಮಾರು ಹತ್ತು ಮಿಲಿಮೀಟರ್, ದಪ್ಪ ನಾಲ್ಕು ಮಿಲಿಮೀಟರ್, ತೂಕ ಒಂದು ಗ್ರಾಮಿಗೂ ಕಡಿಮೆ. ಅದನ್ನು ದವಡೆಯ ಮೂಳೆಯೊಳಗೆ ಕೂರಿಸಿ ಮೂರರಿಂದ ಆರು ತಿಂಗಳು ಬಿಟ್ಟರೆ ಮೂಳೆ ಅದಕ್ಕೆ ನೇರವಾಗಿ ಅಂಟಿ ಬೆಳೆಯುತ್ತದೆ. ಆಮೇಲೆ ಅದರ ಮೇಲೊಂದು ಕೊಂಡಿ, ಕೊಂಡಿಯ ಮೇಲೆ ಹಲ್ಲು. ಮೂಳೆಗೂ ಲೋಹಕ್ಕೂ ಇಂಥ ಬೆಸುಗೆ ಸಾಧ್ಯವೆಂದು ತಿಳಿದದ್ದು ಆಕಸ್ಮಿಕವಾಗಿ. 1952ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ಸಂಶೋಧಕ ಮೊಲದ ಕಾಲಿನ ಮೂಳೆಯಲ್ಲಿ ರಕ್ತ ಹೇಗೆ ಹರಿಯುತ್ತದೆಂದು ನೋಡಲು ಟೈಟಾನಿಯಮ್ಮಿನ ಪುಟ್ಟ ಸಲಕರಣೆಯೊಂದನ್ನು ಅಳವಡಿಸಿದ್ದರು. ಪ್ರಯೋಗ ಮುಗಿದು ತೆಗೆಯಲು ಹೋದರೆ ಅದು ಬರಲೇ ಇಲ್ಲ. ಮೂಳೆ ಅದನ್ನು ತನ್ನದನ್ನಾಗಿ ಮಾಡಿಕೊಂಡಿತ್ತು. 1965ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಅವರು ಯೋಸ್ತಾ ಲಾರ್ಸನ್ ಎಂಬಾತನ ದವಡೆಗೆ ಇಂಥ ಬೇರುಗಳನ್ನು ಕೂರಿಸಿದರು. ಹುಟ್ಟಿನಿಂದಲೇ ದವಡೆಯ ದೋಷವಿದ್ದ ಲಾರ್ಸನ್ 2006ರಲ್ಲಿ ತೀರಿಕೊಳ್ಳುವವರೆಗೂ, ಅಂದರೆ ನಲವತ್ತು ವರ್ಷ, ಆ ಬೇರುಗಳು ಕೆಲಸ ಮಾಡಿದವು. ಆದರೂ ದಂತವೈದ್ಯ ಜಗತ್ತು ಇದನ್ನು ಒಪ್ಪಿಕೊಳ್ಳಲು 1982ರ ಟೊರಾಂಟೊ ಸಮ್ಮೇಳನದವರೆಗೆ ಕಾಯಬೇಕಾಯಿತು. ಮೂವತ್ತು ವರ್ಷ ನೋಡಿ, ಅಳೆದು, ತೂಗಿ ಒಪ್ಪಿದ ಚಿಕಿತ್ಸೆ ಇದು. ಇವತ್ತು ಅದನ್ನೇ ‘ಮೂರೇ ದಿನದಲ್ಲಿ ಬಾಯ್ತುಂಬ ಹಲ್ಲು’ ಎಂದು ಗೋಡೆಗೆ ಅಂಟಿಸುವುದನ್ನು ಕಂಡಾಗ ನನಗೆ ಕಳವಳವಾಗುತ್ತದೆ.

ಒಂದು ಗ್ರಾಮಿಗೂ ಕಡಿಮೆ ಲೋಹಕ್ಕೆ ಇಪ್ಪತ್ತು ಮೂವತ್ತು ಸಾವಿರವೇ ಎಂದು ಅನೇಕರು ಕೇಳುತ್ತಾರೆ. ಲೋಹದ ಬೆಲೆ ನಿಜಕ್ಕೂ ನಗಣ್ಯ. ನಾವು ಕೊಡುವ ಹಣ ಬೇರೆ ಕಡೆಗಳಿಗೆ ಹೋಗುತ್ತದೆ: ಮೂಳೆ ಬೇಗ ಹಿಡಿಯಲೆಂದು ಸ್ಕ್ರೂವಿನ ಮೈಯನ್ನು ತರಿತರಿ ಮಾಡುವ ಕೆಲಸಕ್ಕೆ, ಕೂದಲೆಳೆಗಿಂತ ಸಣ್ಣ ವ್ಯತ್ಯಾಸವೂ ಇರದಂತೆ ಕೊಂಡಿ ಕೂರುವ ನಿಖರತೆಗೆ, ಆ ಕಂಪನಿ ನಡೆಸಿದ ವರ್ಷಗಟ್ಟಲೆಯ ಅಧ್ಯಯನಕ್ಕೆ, ಅದರ ಮಾರಾಟ ವೆಚ್ಚಕ್ಕೆ. ಸ್ವಿಟ್ಜರ್ಲೆಂಡಿನ ಸ್ಟ್ರಾಮನ್, ಸ್ವೀಡನ್ ಮೂಲದ ನೋಬೆಲ್ ಬಯೋಕೇರ್ ಮೊದಲಾದವು ಮೇಲಿನ ದರದವು. ಕೊರಿಯಾದ ಆಸ್ಟೆಮ್‌ನಂಥವು ಮಧ್ಯಮ. ಅದಕ್ಕಿಂತ ಅಗ್ಗದವು, ನಮ್ಮ ದೇಶದಲ್ಲೇ ತಯಾರಾಗುವವು ಸಾಕಷ್ಟಿವೆ.

ದುಬಾರಿ ಬ್ರ್ಯಾಂಡ್ ಹಾಕಿಸಿದರೆ ಮೂಳೆ ಹೆಚ್ಚು ಗಟ್ಟಿಯಾಗಿ ಹಿಡಿಯುತ್ತದೆಯೇ? ಕೈಚಳಕವಿರುವ ವೈದ್ಯರ ಬಳಿ ಮಧ್ಯಮ ದರ್ಜೆಯ ಇಂಪ್ಲಾಂಟೂ ಚೆನ್ನಾಗಿಯೇ ಹಿಡಿಯುತ್ತದೆ. ವ್ಯತ್ಯಾಸ ಗೊತ್ತಾಗುವುದು ಹತ್ತು ಹನ್ನೆರಡು ವರ್ಷದ ಮೇಲೆ, ಕೊಂಡಿಯ ಪುಟ್ಟ ಸ್ಕ್ರೂ ಸಡಿಲವಾದಾಗ ಅಥವಾ ಮುರಿದಾಗ. ಪ್ರತಿ ಕಂಪನಿಯ ಸ್ಕ್ರೂವಿಗೂ ಅದರದ್ದೇ ಅಳತೆ, ಅದರದ್ದೇ ಕೀಲಿ. ಕಂಪನಿ ಉಳಿದಿದ್ದರೆ, ಆ ಮಾದರಿಯ ಬಿಡಿಭಾಗ ಇನ್ನೂ ಸಿಗುತ್ತಿದ್ದರೆ ಅರ್ಧ ಗಂಟೆಯ ಕೆಲಸ. ಕಂಪನಿಯೇ ಮುಚ್ಚಿಹೋಗಿದ್ದರೆ, ಇಲ್ಲವೇ ಬಾಯಲ್ಲಿ ಇರುವುದು ಯಾವ ಕಂಪನಿಯದೆಂದೇ ರೋಗಿಗೆ ಗೊತ್ತಿಲ್ಲದಿದ್ದರೆ, ಗಟ್ಟಿಯಾಗಿ ಕೂತಿರುವ ಒಳ್ಳೆಯ ಬೇರು ಕೂಡ ನಿರುಪಯೋಗಿ. ಅದಕ್ಕಾಗಿಯೇ ಇಂಪ್ಲಾಂಟಿನ ಡಬ್ಬಿಯ ಮೇಲಿರುವ, ಮಾದರಿ ಮತ್ತು ಬ್ಯಾಚ್ ಸಂಖ್ಯೆಯ ಚೀಟಿಯನ್ನು ರೋಗಿಯ ಕಾರ್ಡಿಗೆ ಅಂಟಿಸಿಕೊಡುವ ಪದ್ಧತಿ ಇದೆ. ಒಂದೊಂದು ಇಂಪ್ಲಾಂಟಿಗೂ ಒಂದೊಂದು ಚೀಟಿ. ಕೇಳಿ ಪಡೆಯಿರಿ, ಮನೆಯ ಪತ್ರಗಳ ಜೊತೆ ಜೋಪಾನವಾಗಿಡಿ. ಕೊಡಲು ಹಿಂದೆಮುಂದೆ ನೋಡುವ ಕಡೆ ಬಾಯಿ ತೆರೆಯದಿರುವುದು ಒಳ್ಳೆಯದು.

ಮೂವತ್ತೆರಡು ಹಲ್ಲಿಗೆ ಮೂವತ್ತೆರಡು ಇಂಪ್ಲಾಂಟ್ ಬೇಕು ಎಂಬ ತಪ್ಪು ತಿಳಿವಳಿಕೆ ಇನ್ನೂ ಇದೆ. ಒಂದು ದವಡೆಗೆ ನಾಲ್ಕರಿಂದ ಆರು ಬೇರು ಸಾಕು. ಅವುಗಳ ಮೇಲೆ ಹತ್ತರಿಂದ ಹದಿನಾಲ್ಕು ಹಲ್ಲುಗಳ ಒಂದೇ ಸಾಲನ್ನು ಸೇತುವೆಯಾಗಿ ಬಿಗಿಯುತ್ತಾರೆ. ನಾಲ್ಕೇ ಬೇರಿನ ವಿಧಾನವನ್ನು ಜನಪ್ರಿಯಗೊಳಿಸಿದವರು ಲಿಸ್ಬನ್‌ನ ವೈದ್ಯ ಪಾಉಲೋ ಮಾಲೋ. 1990ರ ದಶಕದ ಕೊನೆಯಲ್ಲಿ ಅವರು ಮುಂದಿನ ಎರಡು ಇಂಪ್ಲಾಂಟನ್ನು ನೆಟ್ಟಗೆ, ಹಿಂದಿನೆರಡನ್ನು ಓರೆಯಾಗಿ ಕೂರಿಸಿದರು. ಓರೆ ಯಾಕೆಂದರೆ ಮೇಲಿನ ದವಡೆಯ ಹಿಂಭಾಗದಲ್ಲಿ ಸೈನಸ್ ಎಂಬ ಗಾಳಿಗೂಡಿದೆ, ಕೆಳದವಡೆಯ ಹಿಂಭಾಗದಲ್ಲಿ ತುಟಿಗೆ ಸ್ಪರ್ಶ ಕೊಡುವ ನರ ಹಾದುಹೋಗುತ್ತದೆ. ಓರೆಯಾಗಿ ಕೂರಿಸಿದರೆ ಎರಡನ್ನೂ ತಪ್ಪಿಸಿ ಮುಂದಿನ ಗಟ್ಟಿ ಮೂಳೆಯನ್ನು ಹಿಡಿಯಬಹುದು. ಮೂಳೆ ತುಂಬಿಸುವ ಶಸ್ತ್ರಚಿಕಿತ್ಸೆಯೂ ಅದರ ಖರ್ಚೂ ಬಹಳಷ್ಟು ಸಲ ಉಳಿಯುತ್ತದೆ. ‘ಆಲ್ ಆನ್ ಫೋರ್’ ಎಂದು ಎಲ್ಲ ಕಡೆ ಕೇಳಿಬರುವುದು ಇದೇ. ಒಳ್ಳೆಯ ವಿಧಾನ. ಆದರೆ ನಾಲ್ಕರಲ್ಲಿ ಒಂದು ಕೈಕೊಟ್ಟರೆ ಇಡೀ ಸಾಲಿಗೆ ಆಸರೆ ತಪ್ಪುತ್ತದೆ. ಮೇಲ್ದವಡೆಯ ಮೂಳೆ ಮೆದುವಾದ್ದರಿಂದ ಅಲ್ಲಿ ಐದು ಅಥವಾ ಆರು ಹಾಕುವ ವೈದ್ಯರು ದುಡ್ಡಿನಾಸೆಗೆ ಹಾಗೆ ಮಾಡುತ್ತಾರೆಂದು ತಿಳಿಯಬೇಕಿಲ್ಲ.

ಹಲ್ಲು ಕಿತ್ತ ಜಾಗದ ಮೂಳೆ ಕೆಲಸವಿಲ್ಲದೆ ಕರಗುತ್ತದೆ. ಮೊದಲ ವರ್ಷದಲ್ಲೇ ಅದರ ಅಗಲ ಅರ್ಧದಷ್ಟು ತಗ್ಗಬಹುದು. ಹದಿನೈದು ವರ್ಷ ಬರೀ ವಸಡಿನಲ್ಲಿ, ಇಲ್ಲವೇ ತೆಗೆದು ಹಾಕುವ ಸೆಟ್ಟಿನಲ್ಲಿ ಕಾಲ ಕಳೆದವರ ದವಡೆ ಸವೆದು ತೆಳ್ಳಗಾಗಿರುತ್ತದೆ. ಅಂಥಲ್ಲಿ ಮೂಳೆ ತುಂಬಿಸಬೇಕು, ಸೈನಸ್ಸಿನ ತಳವನ್ನು ಎತ್ತಬೇಕು, ಕೆಲವರಿಗೆ ಕೆನ್ನೆಮೂಳೆಯವರೆಗೆ ಹೋಗುವ ಉದ್ದದ ಇಂಪ್ಲಾಂಟೇ ಬೇಕಾಗುತ್ತದೆ. ಒಬ್ಬರಿಗೆ ಆರು ಲಕ್ಷವಾದದ್ದು ಪಕ್ಕದ ಮನೆಯವರಿಗೆ ಒಂಬತ್ತು ಲಕ್ಷವಾಗುವುದಕ್ಕೆ ಬಹುಪಾಲು ಇದೇ ಕಾರಣ. ಇದು ಗೊತ್ತಾಗಬೇಕಾದರೆ ಮೂರು ಆಯಾಮದ ಸ್ಕ್ಯಾನ್, ಅಂದರೆ ಸಿಬಿಸಿಟಿ ಆಗಲೇಬೇಕು. ಅದರ ಖರ್ಚು ಕೆಲವು ಸಾವಿರ. ಆ ಸ್ಕ್ಯಾನ್ ನೋಡುವ ಮೊದಲೇ ಫೋನಿನಲ್ಲಿ, ವಾಟ್ಸ್‌ಆ್ಯಪಿನಲ್ಲಿ ಪೂರ್ತಿ ಬೆಲೆ ಹೇಳುವವರು ಯಾರ ಬಾಯಿಗೆ ಹೇಳುತ್ತಿದ್ದಾರೋ ಅವರಿಗೇ ಗೊತ್ತಿರುವುದಿಲ್ಲ.

ಇನ್ನು ಇಂಪ್ಲಾಂಟಿನ ಮೇಲೆ ಕೂರುವ ಹಲ್ಲಿನ ಸಾಲು. ‘ಒಂದೇ ದಿನದಲ್ಲಿ ಹಲ್ಲು’ ಎಂದರೆ ಬಹುತೇಕ ಕಡೆ ಅಂದು ಸಿಗುವುದು ಅಕ್ರಿಲಿಕ್‌ನ ತಾತ್ಕಾಲಿಕ ಸಾಲು. ಮೂಳೆ ಬೆಸೆಯುವ ತಿಂಗಳುಗಳಲ್ಲಿ ಮಾನ ಕಾಯಲು, ಮೆತ್ತನೆಯದು ತಿನ್ನಲು ಅದು ಇರುವುದು. ಕೊನೆಯ ಸಾಲು ಆಮೇಲೆ ಬರಬೇಕು: ಲೋಹದ ಚೌಕಟ್ಟಿನ ಮೇಲೆ ಅಕ್ರಿಲಿಕ್, ಲೋಹದ ಮೇಲೆ ಪಿಂಗಾಣಿ, ಅಥವಾ ಇಡಿಯಾಗಿ ಕಡೆದ ಜಿರ್ಕೋನಿಯ. ಅಕ್ರಿಲಿಕ್ ಅಗ್ಗ, ಸವೆಯುತ್ತದೆ, ಮುರಿದರೆ ಸುಲಭವಾಗಿ ದುರಸ್ತಿಯಾಗುತ್ತದೆ. ಜಿರ್ಕೋನಿಯ ಕಲೆ ಹಿಡಿಯುವುದಿಲ್ಲ, ಸವೆಯುವುದಿಲ್ಲ, ದುಬಾರಿ, ಬಿರುಕು ಬಿಟ್ಟರೆ ಇಡೀ ಸಾಲನ್ನೇ ಬದಲಿಸಬೇಕಾಗಬಹುದು. ಅಗ್ಗದ ಪ್ಯಾಕೇಜುಗಳಲ್ಲಿ ಈ ತಾತ್ಕಾಲಿಕ ಸಾಲೇ ಕೊನೆಯದೂ ಆಗಿಬಿಡುತ್ತದೆ. ಆರು ತಿಂಗಳ ನಂತರ ‘ಪರ್ಮನೆಂಟ್’ಗೆ ಇನ್ನೆರಡು ಲಕ್ಷ ಎಂದಾಗಲೇ ಮನೆಯವರಿಗೆ ಎಚ್ಚರವಾಗುವುದು.

ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳ ಮಧ್ಯಮ ದರದ ಕ್ಲಿನಿಕ್ಕಿನಲ್ಲಿ ಒಂದು ದವಡೆಯ ಲೆಕ್ಕ ಹೀಗೆ ಕೂಡಬಹುದು. ನಾಲ್ಕು ಇಂಪ್ಲಾಂಟಿಗೆ ತಲಾ 25,000ದಂತೆ ಒಂದು ಲಕ್ಷ. ಅವುಗಳ ಕೊಂಡಿಗೆ ತಲಾ 8,000ದಂತೆ 32,000. ತಾತ್ಕಾಲಿಕ ಸಾಲಿಗೆ 30,000. ಹನ್ನೆರಡು ಜಿರ್ಕೋನಿಯ ಹಲ್ಲಿಗೆ ತಲಾ 10,000ದಂತೆ 1,20,000. ಸ್ಕ್ಯಾನು, ಅಳತೆ, ಕೊರೆಯಲು ದಾರಿ ತೋರುವ ಗೈಡು ಇತ್ಯಾದಿಗೆ 13,000. ಒಟ್ಟು 2,95,000. ಎರಡೂ ದವಡೆಗೆ ಆರು ಲಕ್ಷದ ಹತ್ತಿರ. ಬ್ರ್ಯಾಂಡು ಇಳಿಸಿ, ಜಿರ್ಕೋನಿಯದ ಬದಲು ಅಕ್ರಿಲಿಕ್ ಮಾಡಿದರೆ ಮೂರೂವರೆಗೂ ಇಳಿಸಬಹುದು. ಆರಾರು ಇಂಪ್ಲಾಂಟು, ಮೇಲಿನ ದರದ ಬ್ರ್ಯಾಂಡು, ಮೂಳೆ ತುಂಬಿಸುವ ಕೆಲಸ ಸೇರಿದರೆ ಹತ್ತನ್ನೂ ದಾಟಬಹುದು. ಈ ಬಿಡಿ ಬಿಡಿ ಸಾಲುಗಳು ಕಾಣುವ ಅಂದಾಜು ಪಟ್ಟಿಯನ್ನು ಕೇಳುವ ಹಕ್ಕು ರೋಗಿಗಿದೆ. ಪಟ್ಟಿ ಕೈಗೆ ಬಂದ ಮೇಲೆ ಮೊದಲು ಹೇಳಿದ ಎರಡೂವರೆ, ಆರು, ಹತ್ತು ಲಕ್ಷಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಯಾರು ಏನು ಬಿಟ್ಟಿದ್ದಾರೆ ಎಂಬುದು ಬೆಳಕಿಗೆ ಬರುತ್ತದೆ. ಆರೋಗ್ಯ ವಿಮೆಯನ್ನು ಈ ಲೆಕ್ಕದಲ್ಲಿ ನೆಚ್ಚಿಕೊಳ್ಳುವಂತಿಲ್ಲ. ಅಪಘಾತದಿಂದಾದ ಗಾಯವನ್ನು ಬಿಟ್ಟರೆ ಸಾಮಾನ್ಯ ಪಾಲಿಸಿಗಳು ಹಲ್ಲಿನ ಚಿಕಿತ್ಸೆಯನ್ನು ಹೊರಗಿಟ್ಟಿರುತ್ತವೆ.

ಬೆಲೆಯನ್ನು ಏರಿಸುವ, ಕೆಲವೊಮ್ಮೆ ಚಿಕಿತ್ಸೆಯನ್ನೇ ಮುರಿಯುವ ಸಂಗತಿಗಳು ರೋಗಿಯ ಮೈಯಲ್ಲೂ ಇರುತ್ತವೆ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯಲ್ಲಿ ಗಾಯ ಮಾಯುವುದು ನಿಧಾನ, ಸೋಂಕಿನ ಭಯ ಹೆಚ್ಚು. ಬೀಡಿ ಸಿಗರೇಟು ಸೇದುವವರಲ್ಲಿ ಇಂಪ್ಲಾಂಟ್ ವಿಫಲವಾಗುವ ಸಾಧ್ಯತೆ ಸೇದದವರಿಗಿಂತ ಸ್ಪಷ್ಟವಾಗಿ ಜಾಸ್ತಿ. ಮೂಳೆ ಸವೆತಕ್ಕೆ ಮಾತ್ರೆಯನ್ನೋ ವರ್ಷಕ್ಕೊಂದು ಇಂಜೆಕ್ಷನ್ನನ್ನೋ ತೆಗೆದುಕೊಳ್ಳುತ್ತಿರುವ ತಾಯಂದಿರು ಅದನ್ನು ಹೇಳಲೇಬೇಕು. ಆ ಔಷಧಿಗಳಲ್ಲಿ ಕೆಲವು ದವಡೆಯ ಗಾಯ ಮಾಯದಂತೆ ಮಾಡಬಲ್ಲವು. ನಮ್ಮ ನಾಡಿಗೆ ಹತ್ತಿರದ ಇನ್ನೊಂದು ತೊಡಕು ಅಡಿಕೆ. ವರ್ಷಗಟ್ಟಲೆ ಅಡಿಕೆ, ಗುಟ್ಕಾ ಜಗಿದವರಲ್ಲಿ ಕೆಲವರ ಕೆನ್ನೆಯ ಒಳಪದರ ಗಟ್ಟಿಯಾಗಿ ನಾರಾಗುತ್ತದೆ, ಬಾಯಿ ಎರಡು ಬೆರಳಿನಷ್ಟೂ ತೆರೆಯುವುದಿಲ್ಲ. ಅಂಥ ಬಾಯಿಯೊಳಗೆ ಡ್ರಿಲ್ ಹೋಗುವುದೇ ಕಷ್ಟ. ಅಲ್ಲಿ ಹಲ್ಲಿಗಿಂತ ಮೊದಲು ಬಾಯಿಯ ಚಿಕಿತ್ಸೆ ಆಗಬೇಕು, ಕ್ಯಾನ್ಸರಿನ ಲಕ್ಷಣವಿದೆಯೇ ಎಂಬ ತಪಾಸಣೆಯೂ ಆಗಬೇಕು.

‘ಮೂರು ದಿನ’ದ ಜಾಹೀರಾತುಗಳ ಹಿಂದೆ ಸಾಮಾನ್ಯವಾಗಿ ಇರುವುದು ಬೇಸಲ್ ಇಂಪ್ಲಾಂಟ್. ಒಂದೇ ತುಂಡಿನ, ಉದ್ದನೆಯ ಸ್ಕ್ರೂಗಳನ್ನು ದವಡೆಯ ಹೊರಪದರದ ಗಟ್ಟಿ ಮೂಳೆಗೆ ಸಿಕ್ಕಿಸಿ, ತಕ್ಷಣ ಅವನ್ನೆಲ್ಲ ಹಲ್ಲಿನ ಸಾಲಿನಿಂದ ಬಂಧಿಸುವ ಕ್ರಮ. ಮೂಳೆ ತೀರ ಕಡಿಮೆ ಇರುವವರಿಗೆ ಅದು ಒಂದು ದಾರಿ ಎಂದು ಮಾಡುವವರು ಹೇಳುತ್ತಾರೆ. ಆದರೆ ಬ್ರೋನೆಮಾರ್ಕ್ ಮಾದರಿಗೆ ಇರುವಷ್ಟು ದೀರ್ಘಕಾಲದ, ಮಾಡುವವರಿಗೆ ಸಂಬಂಧವಿಲ್ಲದವರು ನಡೆಸಿದ ಅಧ್ಯಯನಗಳ ಬೆಂಬಲ ಇದಕ್ಕಿಲ್ಲ. ಒಂದು ಕೆಟ್ಟರೆ ಕೊಂಡಿ ಬಿಚ್ಚಿ ಸರಿಪಡಿಸುವ ಅವಕಾಶವೂ ಕಡಿಮೆ. ಇಪ್ಪತ್ತು ವರ್ಷ ಬಾಳಬೇಕಾದ ಕೆಲಸವನ್ನು ಮೂರೇ ದಿನದಲ್ಲಿ ಮುಗಿಸುವುದು ಯಾರ ಅನುಕೂಲಕ್ಕೆ ಎಂಬುದನ್ನು ಮನೆಯವರು ಕೂತು ಯೋಚಿಸಬೇಕು.

ಇನ್ನೊಂದು ವಿಷಯದಲ್ಲಿ ನನಗೆ ನಿಜವಾದ ಆತಂಕವಿದೆ. ಹಲ್ಲು ಅಲ್ಲಾಡುತ್ತಿದೆ ಎಂದು ಹೋದವರಿಗೆ ‘ಎಲ್ಲ ತೆಗೆಸಿ ಫುಲ್ ಮೌತ್ ಮಾಡಿಸಿಬಿಡಿ, ಮತ್ತೆ ತಾಪತ್ರಯವಿಲ್ಲ’ ಎಂಬ ಸಲಹೆ ಬೇಗ ಬರುತ್ತಿದೆ. ಪ್ಯಾಕೇಜಿನ ವ್ಯಾಪಾರಕ್ಕೆ ಬರಿದಾದ ದವಡೆ ಸಲೀಸು. ನಾಲ್ಕು ಒಳ್ಳೆಯ ಹಲ್ಲು ನಡುವೆ ಉಳಿದಿದ್ದರೆ ಲೆಕ್ಕ ತೊಡಕಾಗುತ್ತದೆ. ವಸಡಿನ ಚಿಕಿತ್ಸೆಯಿಂದ ಇನ್ನೂ ಹತ್ತು ವರ್ಷ ನಿಲ್ಲಬಹುದಾದ ಹಲ್ಲುಗಳನ್ನು ಕೀಳಿಸುವುದು ಅನ್ಯಾಯ. ಅಷ್ಟೇ ಅಲ್ಲ, ಹಲ್ಲನ್ನು ಸಡಿಲಗೊಳಿಸಿದ ಅದೇ ವಸಡಿನ ರೋಗ ಇಂಪ್ಲಾಂಟಿನ ಸುತ್ತಲೂ ಬರುತ್ತದೆ. ಟೈಟಾನಿಯಮ್ ಹುಳುಕಾಗುವುದಿಲ್ಲ, ಆದರೆ ಅದನ್ನು ಹಿಡಿದಿರುವ ಮೂಳೆ ಕರಗುತ್ತದೆ. ವಸಡಿನ ರೋಗದಿಂದಲೇ ಹಲ್ಲು ಕಳೆದುಕೊಂಡವರಿಗೆ ಈ ಅಪಾಯ ಉಳಿದವರಿಗಿಂತ ಹೆಚ್ಚು. ಎಲ್ಲ ಹಲ್ಲು ಕೀಳಬೇಕು ಎಂದು ಒಬ್ಬರು ಹೇಳಿದರೆ ವಸಡಿನ ತಜ್ಞರೊಬ್ಬರ ಅಭಿಪ್ರಾಯ ಕೇಳುವವರೆಗೆ ಒಂದನ್ನೂ ಕೀಳಿಸಬೇಡಿ.

ಬಿಗಿದ ಸಾಲಿನ ಮಾತು ಇಷ್ಟು ಹೇಳಿದ ಮೇಲೆ, ಜಾಹೀರಾತಿನಲ್ಲಿ ಎಂದೂ ಕಾಣದ ಒಂದು ಚಿಕಿತ್ಸೆಯ ಬಗ್ಗೆ ಸ್ವಲ್ಪ ದೀರ್ಘವಾಗಿ ಹೇಳಬೇಕು. ಹಲ್ಲು ಸೆಟ್ಟು ಹಾಕಿಕೊಂಡವರನ್ನು ಕೇಳಿ ನೋಡಿ: ದೂರು ಬಹುಪಾಲು ಕೆಳಗಿನದರ ಮೇಲೆಯೇ. ಮೇಲಿನ ಸೆಟ್ಟು ಅಂಗುಳವನ್ನು ಪೂರ್ತಿ ಮುಚ್ಚಿ ಗಾಳಿಯ ಬಿಗಿತದಿಂದ ಹೇಗೋ ನಿಲ್ಲುತ್ತದೆ. ಕೆಳಗಿನದಕ್ಕೆ ಹಿಡಿತವೇ ಇಲ್ಲ. ನಾಲಿಗೆ ಆಡಿದಂತೆಲ್ಲ ಅದು ಕುಣಿಯುತ್ತದೆ, ಮಾತಾಡುವಾಗ ಎದ್ದು ಬರುತ್ತದೆ, ಕೆಳಗೆ ಅವರೆಕಾಳಿನ ಸಿಪ್ಪೆ ಸಿಕ್ಕರೆ ಪ್ರಾಣ ಹೋಗುತ್ತದೆ. ಸ್ವಂತ ಹಲ್ಲಿನ ಕಡಿತದ ಬಲದಲ್ಲಿ ಕಾಲು ಭಾಗ ಸೆಟ್ಟಿನಲ್ಲಿ ಸಿಕ್ಕರೆ ಹೆಚ್ಚು. ಎಷ್ಟೋ ಮಂದಿ ಹಿರಿಯರು ಮದುವೆ ಮನೆಗೆ ಹೋಗುವಾಗ ಮಾತ್ರ ಹಲ್ಲು ಹಾಕಿಕೊಂಡು, ಊಟಕ್ಕೆ ಕೂರುವಾಗ ತೆಗೆದು ಕರವಸ್ತ್ರದಲ್ಲಿ ಕಟ್ಟಿಡುತ್ತಾರೆ. ಮುದ್ದೆ ನುಂಗಬಹುದು, ಅನ್ನ ಮೊಸರು ಕಲಸಿ ಇಳಿಸಬಹುದು. ತರಕಾರಿ, ಸೊಪ್ಪಿನ ಪಲ್ಯ, ಕೋಸಂಬರಿ, ಹಣ್ಣು ಒಂದೊಂದಾಗಿ ತಟ್ಟೆಯಿಂದ ಮರೆಯಾಗುತ್ತವೆ. ಸಕ್ಕರೆ ಕಾಯಿಲೆಯವರಿಗೆ ಬೇಕಾದ ಆಹಾರವೇ ಅವು.

ಕೆಳದವಡೆಯ ಮುಂಭಾಗದಲ್ಲಿ ಎರಡೇ ಎರಡು ಇಂಪ್ಲಾಂಟ್ ಕೂರಿಸಿ, ಅವುಗಳ ಮೇಲೆ ಗುಂಡಿಯಂಥ ಕೊಂಡಿ ಇಟ್ಟು, ಸೆಟ್ಟಿನ ಒಳಮೈಗೆ ಅದರ ಜೋಡಿಯನ್ನು ಕೂರಿಸಿದರೆ ಆ ಸೆಟ್ಟು ಟಕ್ಕೆಂದು ಕಚ್ಚಿ ನಿಲ್ಲುತ್ತದೆ. ರಾತ್ರಿ ತೆಗೆದು ತೊಳೆಯಬಹುದು, ಬೆಳಿಗ್ಗೆ ಮತ್ತೆ ಒತ್ತಿ ಕೂರಿಸಬಹುದು. ಓವರ್‌ಡೆಂಚರ್ ಎನ್ನುತ್ತಾರೆ. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು, ಹಲ್ಲಿಲ್ಲದ ಕೆಳದವಡೆಗೆ ಮೊದಲ ಆಯ್ಕೆಯಾಗಿ ಮಾಮೂಲಿ ಸೆಟ್ಟಿನ ಬದಲು ಈ ಎರಡು ಇಂಪ್ಲಾಂಟಿನ ಸೆಟ್ಟನ್ನೇ ಕೊಡಬೇಕು ಎಂದು ಒಮ್ಮತದಿಂದ ಹೇಳಿದರು. 2009ರಲ್ಲಿ ಬ್ರಿಟನ್ನಿನ ಯಾರ್ಕ್‌ನಲ್ಲಿ ಸೇರಿದವರೂ ಅದನ್ನೇ ಅನುಮೋದಿಸಿದರು. ಖರ್ಚು? ನಮ್ಮಲ್ಲಿ ಮೇಲಿನ ಮಾಮೂಲಿ ಸೆಟ್ಟೂ ಸೇರಿ ಸುಮಾರು ಎಂಬತ್ತು ಸಾವಿರದಿಂದ ಒಂದೂವರೆ ಲಕ್ಷದೊಳಗೆ ಮುಗಿಯುತ್ತದೆ. ಕಚ್ಚುವ ಭಾಗದ ನೈಲಾನ್ ಬಳೆ ಸವೆಯುತ್ತದೆ, ವರ್ಷಕ್ಕೋ ಎರಡು ವರ್ಷಕ್ಕೋ ಬದಲಿಸಬೇಕು, ಅದು ದೊಡ್ಡ ಖರ್ಚಲ್ಲ. ದವಡೆಯ ಮುಂಭಾಗದಲ್ಲಿ ಹಳೆಯ ಬಾಯಲ್ಲೂ ಮೂಳೆ ಸಾಮಾನ್ಯವಾಗಿ ಉಳಿದಿರುತ್ತದೆ, ಹಾಗಾಗಿ ಮೂಳೆ ತುಂಬಿಸುವ ಕೆಲಸ ಅಪರೂಪ. ಎಪ್ಪತ್ತೈದು ವರ್ಷದ, ಕೈ ಸ್ವಲ್ಪ ನಡುಗುವ ಹಿರಿಯರಿಗೆ ತೆಗೆದು ತೊಳೆಯುವ ಸೆಟ್ಟಿನ ಶುಚಿ ಕಾಪಾಡುವುದು ಬಿಗಿದ ಸಾಲಿನ ಕೆಳಗೆ ಬ್ರಷ್ಷು ತೂರಿಸುವುದಕ್ಕಿಂತ ಸುಲಭ. ಆರು ಲಕ್ಷಕ್ಕೆ ಹೊಲ ಅಡವಿಡಲು ಹೊರಟ ಮನೆಯವರಿಗೆ ಈ ದಾರಿ ಇದೆಯೆಂದು ಯಾರಾದರೂ ಹೇಳಬೇಕಲ್ಲವೇ? ‘ಎರಡು ಇಂಪ್ಲಾಂಟಿನ ಸೆಟ್ಟು ಸಾಲದೇ?’ ಎಂದು ವೈದ್ಯರನ್ನು ನೇರವಾಗಿ ಕೇಳಿ. ಸಾಲದು ಎನ್ನುವುದಕ್ಕೆ ಅವರ ಬಳಿ ಕಾರಣವಿದ್ದರೆ ಅದನ್ನು ಸ್ಕ್ಯಾನ್ ತೋರಿಸಿ ವಿವರಿಸುತ್ತಾರೆ.

ದುಡ್ಡು ಕೊಡುವ ಬಗೆಯೂ ಬೆಲೆಯ ಭಾಗವೇ. ಬಡ್ಡಿಯಿಲ್ಲದ ಕಂತು ಎಂದು ಫೈನಾನ್ಸ್ ಕಂಪನಿಯ ಕಾಗದಕ್ಕೆ ಮೊದಲ ದಿನವೇ ಸಹಿ ಹಾಕಿಸಿಕೊಳ್ಳುವ ಪದ್ಧತಿ ಹೆಚ್ಚುತ್ತಿದೆ. ಆ ಸಾಲ ಪೂರ್ತಿಯಾಗಿ ಕ್ಲಿನಿಕ್ಕಿಗೆ ಸಂದಾಯವಾದ ಮೇಲೆ ಚಿಕಿತ್ಸೆ ಆರು ತಿಂಗಳು ನಡೆಯಬೇಕು. ನಡುವೆ ಏನಾದರೂ ಆದರೆ ಕಂತು ಮಾತ್ರ ನಿಲ್ಲುವುದಿಲ್ಲ. ಸ್ಪೇನ್ ದೇಶದಲ್ಲಿ ಇದು ದೊಡ್ಡ ಪ್ರಮಾಣದಲ್ಲೇ ಆಗಿಹೋಯಿತು. ಕಡಿಮೆ ಬೆಲೆಯ ಆಮಿಷದಿಂದ ಬೆಳೆದ ಐಡೆಂಟಲ್ ಎಂಬ ಕ್ಲಿನಿಕ್ ಸರಣಿ 2018ರಲ್ಲಿ ಬಾಗಿಲು ಹಾಕಿತು. ಸಾವಿರಾರು ಜನ ಅರ್ಧಕ್ಕೆ ನಿಂತ ಬಾಯಿ, ಪೂರ್ತಿ ಉಳಿದ ಸಾಲ ಎರಡನ್ನೂ ಹೊತ್ತು ಬೀದಿಗಿಳಿದು ಪ್ರತಿಭಟಿಸಿದರು; ಪ್ರಕರಣ ನ್ಯಾಯಾಲಯದ ತನಿಖೆಗೆ ಹೋಯಿತು. ಅದಕ್ಕೇ ಹಂತ ಹಂತವಾಗಿ ಕೊಡುವುದು ಲೇಸು: ಇಂಪ್ಲಾಂಟ್ ಕೂರಿಸಿದ ದಿನ ಒಂದು ಪಾಲು, ಅದು ಮೂಳೆ ಹಿಡಿದಿದೆಯೆಂದು ಖಚಿತವಾದ ಮೇಲೆ ಒಂದು, ಕೊನೆಯ ಸಾಲು ಬಿಗಿದ ಮೇಲೆ ಉಳಿದದ್ದು. ಒಂದು ಇಂಪ್ಲಾಂಟ್ ಹಿಡಿಯದೇ ಹೋದರೆ ಮತ್ತೆ ಹಾಕುವ ಖರ್ಚು ಯಾರದು ಎಂಬುದೂ ಮೊದಲೇ ಬರಹದಲ್ಲಿರಲಿ. ಹತ್ತು ವರ್ಷದ ಲೆಕ್ಕದಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಇಂಪ್ಲಾಂಟ್‌ಗಳು ಉಳಿಯುತ್ತವೆ ಎಂಬುದು ಒಳ್ಳೆಯ ಸುದ್ದಿ. ಉಳಿಯದ ಐದು ಯಾರದೋ ಬಾಯಲ್ಲಿರುತ್ತವೆ.

ಅಮೆರಿಕದಲ್ಲಿ ಒಂದೇ ದವಡೆಯ ಬಿಗಿದ ಸಾಲಿಗೆ ಇಪ್ಪತ್ತರಿಂದ ಮೂವತ್ತು ಸಾವಿರ ಡಾಲರ್ ಹೇಳುವುದು ಸಾಮಾನ್ಯ. ಎರಡೂ ದವಡೆ ಎಂದರೆ ಮೂವತ್ತು ಲಕ್ಷ ರೂಪಾಯಿ ಸುಲಭವಾಗಿ ದಾಟುತ್ತದೆ. ಅಲ್ಲಿನ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ ಕೂಡ ಸಾಮಾನ್ಯವಾಗಿ ಇದಕ್ಕೆ ಹಣ ಕೊಡುವುದಿಲ್ಲ. ಹೀಗಾಗಿ ನ್ಯೂಜೆರ್ಸಿಯಿಂದ, ಕ್ಯಾಲಿಫೋರ್ನಿಯದಿಂದ ರಜೆಗೆ ಬರುವ ನಮ್ಮವರು ಹಲ್ಲಿನ ಕೆಲಸವನ್ನೂ ಮುಗಿಸಿಕೊಂಡು ಹೋಗುತ್ತಾರೆ. ವಿಮಾನದ ಟಿಕೆಟ್ಟು ಸೇರಿಸಿದರೂ ಲಾಭವೇ. ಆದರೆ ಮೂರು ವಾರದ ರಜೆಗೆ ಮೂಳೆ ತನ್ನ ಗತಿ ಬದಲಿಸಿಕೊಳ್ಳುವುದಿಲ್ಲ. ಎರಡು ಪ್ರಯಾಣದ ಲೆಕ್ಕ ಹಾಕಿಕೊಂಡೇ ಹೊರಡಬೇಕು, ಹಿಂದಿರುಗಿದ ಊರಿನ ವೈದ್ಯರ ಬಳಿ ಬಿಡಿಭಾಗ ಸಿಗುವ ಬ್ರ್ಯಾಂಡನ್ನೇ ಆರಿಸಬೇಕು.

ಮುಗಿದ ಮೇಲಿನ ಖರ್ಚನ್ನು ಯಾರೂ ಪಟ್ಟಿಯಲ್ಲಿ ಬರೆಯುವುದಿಲ್ಲ. ಆರು ತಿಂಗಳಿಗೊಮ್ಮೆ ತಪಾಸಣೆ, ಕಾಲಕಾಲಕ್ಕೆ ಸಾಲನ್ನು ಬಿಚ್ಚಿ ಕೆಳಗಿನ ಕೊಳೆ ತೆಗೆಯುವುದು, ಆಗಾಗ ಎಕ್ಸ್‌ರೇ, ಸಡಿಲವಾದ ಸ್ಕ್ರೂ ಬಿಗಿಸುವುದು. ಮನೆಯಲ್ಲಿ ನೀರು ಚಿಮ್ಮಿಸುವ ಯಂತ್ರ, ಸಣ್ಣ ಬ್ರಷ್ಷುಗಳು. ವರ್ಷಕ್ಕೆ ಕೆಲವು ಸಾವಿರ ಎತ್ತಿಡಬೇಕು. ಹಲ್ಲಿನ ಸಾಲನ್ನೇ ಹತ್ತು ಹದಿನೈದು ವರ್ಷಕ್ಕೆ ಬದಲಿಸಬೇಕಾಗಿ ಬರಬಹುದು. ‘ಒಮ್ಮೆ ಮಾಡಿಸಿದರೆ ಜೀವಮಾನದ ಗ್ಯಾರಂಟಿ’ ಎಂಬ ಮಾತು ಬೇರಿಗೆ ಮಾತ್ರವೋ, ಮೇಲಿನ ಸಾಲಿಗೂ ಉಂಟೋ, ಮುರಿದರೆ ಕೆಲಸದ ಕೂಲಿಯೂ ಅದರೊಳಗೆ ಸೇರಿದೆಯೋ ಎಂದು ಕೇಳಿದರೆ ಬಹಳಷ್ಟು ಗ್ಯಾರಂಟಿಗಳು ಅಲ್ಲೇ ಚಿಕ್ಕದಾಗುತ್ತವೆ.

ಇಷ್ಟು ದುಡ್ಡಿಲ್ಲದವರಿಗೆ ದಾರಿಯಿಲ್ಲವೇ? ದೇಶದಲ್ಲಿ ಅತಿ ಹೆಚ್ಚು ದಂತವೈದ್ಯ ಕಾಲೇಜುಗಳಿರುವ ರಾಜ್ಯಗಳ ಸಾಲಿನಲ್ಲಿ ಕರ್ನಾಟಕ ಮುಂದಿದೆ. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಿಂದ ಹಿಡಿದು ಮಣಿಪಾಲ, ಮಂಗಳೂರು, ದಾವಣಗೆರೆ, ಧಾರವಾಡ, ಬೆಳಗಾವಿ, ಮೈಸೂರಿನವರೆಗೆ ಈ ಆಸ್ಪತ್ರೆಗಳಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಹಿರಿಯ ಪ್ರಾಧ್ಯಾಪಕರ ಕಣ್ಗಾವಲಿನಲ್ಲಿ ಚಿಕಿತ್ಸೆ ಮಾಡುತ್ತಾರೆ. ಸರದಿ ಉದ್ದ, ಓಡಾಟ ಹೆಚ್ಚು, ಶುಲ್ಕ ಖಾಸಗಿ ಕ್ಲಿನಿಕ್ಕಿಗಿಂತ ಕಡಿಮೆ. ಪ್ರತಿ ಹೆಜ್ಜೆಯನ್ನೂ ಇನ್ನೊಬ್ಬರು ನೋಡಿ ಒಪ್ಪಬೇಕಾದ ವ್ಯವಸ್ಥೆ ಇರುವುದು ರೋಗಿಗೆ ಲಾಭವೇ. ಇಷ್ಟೊಂದು ಹಣದ ಮಾತು ಬಂದಾಗ ಕೊನೆಯ ನಿರ್ಧಾರಕ್ಕೆ ಮುನ್ನ ಹತ್ತಿರದ ದಂತ ಕಾಲೇಜಿನ ಕೃತಕದಂತ ವಿಭಾಗಕ್ಕೆ ಒಮ್ಮೆ ಹೋಗಿಬನ್ನಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಬಡತನ ರೇಖೆಗಿಂತ ಕೆಳಗಿರುವ ಹಿರಿಯರಿಗೆ ಇದೇ ಕಾಲೇಜುಗಳ ಮೂಲಕ ಹಲ್ಲು ಸೆಟ್ಟನ್ನು ಉಚಿತವಾಗಿ ಕೊಡುವ ‘ದಂತಭಾಗ್ಯ’ ಯೋಜನೆಯನ್ನು ರಾಜ್ಯ ಸರ್ಕಾರ 2014-15ರಲ್ಲಿ ಆರಂಭಿಸಿತು. ಹಲ್ಲಿಲ್ಲದ ಬಾಯಿಯೂ ಸರ್ಕಾರದ ಹೊಣೆ ಎಂದು ಒಪ್ಪಿಕೊಂಡ ಆ ಹೆಜ್ಜೆ ದೊಡ್ಡದು. ಅದನ್ನು ಇನ್ನೊಂದು ಮೆಟ್ಟಿಲು ಏರಿಸಬಹುದು. ಕೆಳಗಿನ ಸೆಟ್ಟು ನಿಲ್ಲದವರನ್ನು ಆರಿಸಿ, ಸಕ್ಕರೆ ಕಾಯಿಲೆ ಹತೋಟಿಯಲ್ಲಿದ್ದವರಿಗೆ, ಕೆಳದವಡೆಗೆ ಎರಡು ಇಂಪ್ಲಾಂಟ್ ಸೇರಿಸುವುದು. ಸರ್ಕಾರ ಒಟ್ಟಾಗಿ ಟೆಂಡರ್ ಕರೆದು ಕೊಂಡರೆ ಸಾಮಗ್ರಿಯ ದರ ಬಿಡಿ ರೋಗಿಗೆ ಬೀಳುವ ದರಕ್ಕಿಂತ ಸಾಕಷ್ಟು ಇಳಿಯುತ್ತದೆ. ಕೂರಿಸುವ ಕೈಗಳು ಕಾಲೇಜುಗಳಲ್ಲಿವೆ, ಕಲಿಯಬೇಕಾದ ವಿದ್ಯಾರ್ಥಿಗಳೂ ಅಲ್ಲೇ ಇದ್ದಾರೆ. ರಾಜ್ಯಕ್ಕೆಲ್ಲ ಒಂದೇ ಮಾದರಿಯ ಇಂಪ್ಲಾಂಟ್ ಆರಿಸಿದರೆ ಬೀದರಿನಲ್ಲಿ ಕೂರಿಸಿದ್ದಕ್ಕೆ ಚಾಮರಾಜನಗರದಲ್ಲೂ ನೈಲಾನ್ ಬಳೆ ಸಿಗುತ್ತದೆ. ಮೊದಲಿಗೆ ಒಂದೆರಡು ಜಿಲ್ಲೆಯಲ್ಲಿ ನಡೆಸಿ, ಎರಡು ವರ್ಷದ ನಂತರ ಆ ಹಿರಿಯರ ತೂಕ, ಸಕ್ಕರೆಯ ಮಟ್ಟ, ಅವರು ಏನೇನು ತಿನ್ನುತ್ತಿದ್ದಾರೆ ಎಂಬುದನ್ನು ದಾಖಲಿಸಿ ಲೆಕ್ಕ ಒಪ್ಪಿಸಲಿ. ಮುಂದಿನ ಬಜೆಟ್ಟಿನಲ್ಲಿ ಆರೋಗ್ಯ ಇಲಾಖೆ ಇದಕ್ಕೊಂದು ಸಾಲು ಬರೆಯಬೇಕು.